ಮೂಲೆ ಕತ್ತರಿಸಿದ ಮನೆ

ಮಗಳು ಇಂಗ್ಲೆಂಡಿನಲ್ಲಿ ಮನೆ ಕೊಂಡಳು ಎಂಬ ಸುದ್ದಿ ಬಂದಾಗ ನಾನು ಕೇಳಿದ್ದು "ಎಷ್ಟು ಚದರ?" ಎಂದು. ಇವಳು ಕೇಳಿದ್ದು "ಯಾವ ದಿಕ್ಕು?" ಎಂದು. ಮಗಳು ಇಬ್ಬರಿಗೂ ಒಂದೇ ಉತ್ತರ ಕೊಟ್ಟಳು. "ಅದು ಮೊದಲು ಅಂಗಡಿ ಆಗಿತ್ತಪ್ಪ, ಕಾರ್ನರ್ ಶಾಪು. ಬಂದು ನೋಡಿ."

ಕಾರ್ನರ್ ಎಂಬ ಮಾತು ಕಿವಿಗೆ ಬಿದ್ದದ್ದೇ ನನಗೆ ಸಮಾಧಾನವಾಯಿತು. ಲೋಕೋಪಯೋಗಿ ಇಲಾಖೆಯಲ್ಲಿ ಮೂವತ್ಮೂರು ವರ್ಷ ಅಳತೆಪಟ್ಟಿ ಹಿಡಿದವನು ನಾನು. ಕಾರ್ನರ್ ಸೈಟು ಅಂದರೆ ಏನೆಂದು ಗೊತ್ತು. ನಮ್ಮ ಅಭಿವೃದ್ಧಿ ಪ್ರಾಧಿಕಾರಗಳು ನಡುವಿನ ನಿವೇಶನಗಳನ್ನು ಹಂಚಿ, ಮೂಲೆಯವನ್ನು ಮಾತ್ರ ಹರಾಜಿಗೆಂದು ಎತ್ತಿಟ್ಟುಕೊಳ್ಳುತ್ತವೆ. ಮದುವೆ ಮನೆಯಲ್ಲಿ ಅಡುಗೆಯವರು ಗೋಡಂಬಿ ಎತ್ತಿಟ್ಟುಕೊಂಡ ಹಾಗೆ. ಎರಡು ಬೀದಿಯ ಮನೆ, ಎರಡು ಕಡೆ ಗಾಳಿ, ಎರಡು ಕಡೆ ಬೆಳಕು. ಮಗಳು ಜಾಣೆ ಎಂದುಕೊಂಡು ವಿಮಾನ ಹತ್ತಿದೆ.

ಊರು ಲೆಸ್ಟರ್. ಇಂಗ್ಲಿಷಿನಲ್ಲಿ ಬರೆದದ್ದನ್ನು ನಮ್ಮ ಹಾಗೆ ನಿಯತ್ತಾಗಿ ಓದಿದರೆ ಲೀಸೆಸ್ಟರ್ ಆಗುತ್ತದೆ. ಆದರೆ ಅಲ್ಲಿಯವರು ನಡುವಿನ ಒಂದು ತುಂಡನ್ನು ನುಂಗಿ ಲೆಸ್ಟರ್ ಅನ್ನುತ್ತಾರೆ. ಹೆಸರಿನಲ್ಲೇ ಒಂದು ಮೂಲೆ ಕತ್ತರಿಸಿಕೊಂಡ ಊರು ಇದು ಎಂಬುದು ಆಗ ನನಗೆ ಹೊಳೆಯಲಿಲ್ಲ. ಮನೆ ಮುಂದೆ ಟ್ಯಾಕ್ಸಿ ಇಳಿದ ಮೇಲೆ ಹೊಳೆಯಿತು.

ಎರಡು ಬೀದಿ ಕೂಡುವ ಕಡೆ ಮನೆ ನಿಂತಿದೆ. ಕೆಂಪು ಇಟ್ಟಿಗೆ, ಮೇಲೆ ಸ್ಲೇಟಿನ ಮಾಡು. ಎರಡು ಗೋಡೆ ಸೇರಿ ಚೂಪಾದ ಮೂಲೆಯಾಗಬೇಕಾದ ಕಡೆ ಮೂಲೆಯೇ ಇಲ್ಲ. ಬೆಣ್ಣೆಯ ಮುದ್ದೆಯ ಅಂಚನ್ನು ಚಾಕುವಿನಿಂದ ಓರೆಯಾಗಿ ತೆಗೆದ ಹಾಗೆ ಕೆಳಗಿನ ಮಹಡಿಯ ಮೂಲೆಯನ್ನು ಕೊಯ್ದುಬಿಟ್ಟಿದ್ದಾರೆ. ಆ ಕೊಯ್ದ ಜಾಗದಲ್ಲಿ ಎರಡೂ ಬೀದಿಗೆ ಓರೆಯಾಗಿ ಮುಖ ಮಾಡಿ ಒಂದು ಬಾಗಿಲು ನಿಂತಿದೆ.

ಇವಳು ಟ್ಯಾಕ್ಸಿಯಿಂದ ಪೆಟ್ಟಿಗೆ ಇಳಿಸುವುದಕ್ಕೂ ಮೊದಲು ಮೊಬೈಲಿನ ದಿಕ್ಸೂಚಿ ತೆರೆದಳು. ಮುಳ್ಳು ಎರಡು ಸಲ ಓಲಾಡಿ ನಿಂತಿತು. ಕತ್ತರಿಸಿದ ಮೂಲೆ ಈಶಾನ್ಯ.

"ರೀ," ಅಂದಳು, ಅಷ್ಟೇ.

ವಾಸ್ತು ತಿಳಿದ ಓದುಗರಿಗೆ ಇದರ ಗಾಂಭೀರ್ಯ ನಾನು ಹೇಳಬೇಕಾಗಿಲ್ಲ. ಬೇರೆ ಯಾವ ಮೂಲೆ ಹೋದರೂ ಹೋಗಲಿ, ಈಶಾನ್ಯ ಹೋಗಬಾರದು. ಅದು ದೇವರ ಮೂಲೆ. ಅಳಿಯಂದಿರು ಪೆಟ್ಟಿಗೆ ಹಿಡಿದು ನಗುತ್ತ ನಿಂತಿದ್ದರು. ಪಾಪ, ಇಪ್ಪತ್ತೈದು ವರ್ಷದ ಕಂತಿಗೆ ಅವರು ಆಗಲೇ ರುಜು ಹಾಕಿದ್ದರು.

ಮಾರನೆಯ ದಿನವೇ ನಾನು ಅಳತೆಪಟ್ಟಿ ತೆಗೆದೆ. ಎರಡು ಗೋಡೆಯಲ್ಲೂ ನಾಲ್ಕು ನಾಲ್ಕು ಅಡಿ ಬಿಟ್ಟು ಓರೆಗೆರೆ ಎಳೆದಿದ್ದಾರೆ. ಬಿಟ್ಟುಕೊಟ್ಟ ತ್ರಿಕೋನ ಎಂಟು ಚದರಡಿ. ಬಾಗಿಲ ಪಾಲಿಗೆ ಬಂದ ಓರೆ ಗೋಡೆ ಐದೂವರೆ ಅಡಿಗಿಂತ ಕೊಂಚ ಜಾಸ್ತಿ. ಮೂರಡಿ ಬಾಗಿಲು, ಎರಡು ಪಕ್ಕ ಚೌಕಟ್ಟು, ಸರಿಯಾಗಿ ಕೂರುತ್ತದೆ. ಒಂದು ಅಂಗುಲಕ್ಕೆ ನ್ಯಾಯಾಲಯ ಹತ್ತುವ ದೇಶದಿಂದ ಬಂದ ನನಗೆ, ಎಂಟು ಚದರಡಿಯನ್ನು ತಾನಾಗಿ ಫುಟ್‌ಪಾತಿಗೆ ಬಿಟ್ಟುಕೊಟ್ಟ ಕಟ್ಟಡ ಮೊದಲು ಅಪನಂಬಿಕೆ, ಆಮೇಲೆ ಗೌರವ ಹುಟ್ಟಿಸಿತು.

ಪುಕ್ಕಟೆಯಾಗಿ ಕೊಟ್ಟದ್ದಲ್ಲ ಅನ್ನಿ. ಅಂಗಡಿಯವನು ಕೊಟ್ಟದ್ದು ಎಂದ ಮೇಲೆ ಲೆಕ್ಕ ಇದ್ದೇ ಇರುತ್ತದೆ. ಬಾಗಿಲನ್ನು ಒಂದು ಬೀದಿಗೆ ಇಟ್ಟರೆ ಇನ್ನೊಂದು ಬೀದಿಯವರು ಮುನಿಸಿಕೊಳ್ಳುತ್ತಾರೆ; ಮೇಲಾಗಿ ಒಂದು ಕಡೆಯ ಕಿಟಕಿಯ ಜಾಗವನ್ನು ಬಾಗಿಲು ತಿನ್ನುತ್ತದೆ. ಮೂಲೆಗೆ ಇಟ್ಟರೆ ಎರಡೂ ಬೀದಿಯ ಉದ್ದಕ್ಕೆ ಕಾಣುತ್ತದೆ, ಎರಡೂ ಕಿಟಕಿ ಸಾಮಾನು ಜೋಡಿಸುವುದಕ್ಕೆ ಪೂರ್ತಿ ಉಳಿಯುತ್ತವೆ. ಬುಟ್ಟಿ ಹಿಡಿದು ತಿರುವಿನಲ್ಲಿ ಬರುವ ಹೆಂಗಸಿಗೆ ಅಂಗಡಿ ತಾನೇ ಎದುರು ಬಂದ ಹಾಗೆ ಆಗುತ್ತದೆ. ಹಾಗೆ ಎದುರು ಬಂದವನನ್ನು ದಾಟಿಕೊಂಡು ಹೋಗುವುದು ಕಷ್ಟ. ನಮ್ಮೂರ ಬಸ್ ನಿಲ್ದಾಣದ ಆಟೋದವರಿಗೆ ಈ ತತ್ತ್ವ ಗೊತ್ತು.

ಪತ್ರದ ಪ್ರಕಾರ ಮನೆ 1880ರ ದಶಕದ್ದು. ವಿಕ್ಟೋರಿಯಾ ರಾಣಿ 1837ರಿಂದ 1901ರವರೆಗೆ ಆಳಿದ್ದರಿಂದ ಆ ಅರವತ್ತನಾಲ್ಕು ವರ್ಷದಲ್ಲಿ ಕಟ್ಟಿದ್ದನ್ನೆಲ್ಲ ವಿಕ್ಟೋರಿಯನ್ ಅಂದುಬಿಡುತ್ತಾರೆ. ಮೊದಲಿನದಕ್ಕೂ ಕೊನೆಯದಕ್ಕೂ ಅಜ್ಜನಿಗೂ ಮೊಮ್ಮಗನಿಗೂ ಇರುವಷ್ಟು ವ್ಯತ್ಯಾಸ. ಲೆಸ್ಟರ್ ಕಾಲುಚೀಲ, ಬನಿಯನ್ನು, ಬೂಟು ತಯಾರಿಸಿ ಬೆಳೆದ ಊರು. ಕಾರ್ಖಾನೆ ಬಂದಂತೆ ಕೆಲಸದವರು ಬಂದರು, ಅವರಿಗೆ ಸಾಲುಮನೆಗಳು ಎದ್ದವು. 1875ರ ಸಾರ್ವಜನಿಕ ಆರೋಗ್ಯ ಕಾಯಿದೆ ಬಂದಮೇಲೆ ಬೀದಿ ಇಷ್ಟು ಅಗಲ ಇರಬೇಕು, ಹಿಂದೆ ಇಷ್ಟು ಬಯಲು ಬಿಡಬೇಕು ಎಂದು ಪುರಸಭೆಗಳು ನಿಯಮ ಮಾಡಿದವು. ಅದಕ್ಕೇ ಈ ಬೀದಿಗಳು ಮಗ್ಗಿ ಪುಸ್ತಕದ ಹಾಗೆ. ಒಂದೇ ಬಾಗಿಲು, ಒಂದೇ ಕಿಟಕಿ, ಒಂದೇ ಹೊಗೆಗೂಡು, ಒಂದರ ಪಕ್ಕ ಒಂದು. ಮೊದಲ ವಾರ ನಾನು ವಾಕಿಂಗ್ ಮುಗಿಸಿ ಬಂದು ಮೂರು ಸಲ ಬೇರೆಯವರ ಬೀದಿಯಲ್ಲಿ ತಿರುಗಾಡಿದೆ. ಕೊನೆಗೆ ನನ್ನನ್ನು ಮನೆಗೆ ಮುಟ್ಟಿಸಿದ್ದು ಆ ಕತ್ತರಿಸಿದ ಮೂಲೆ. ಸಾಲುಮನೆಗಳ ಬೀದಿಯಲ್ಲಿ ಗುರುತಿಗೆ ಅಂತ ಇರುವುದು ಎರಡೇ: ಒಂದು ಮೂಲೆಯ ಅಂಗಡಿ, ಇನ್ನೊಂದು ಮೂಲೆಯ ಪಬ್ಬು. ಎರಡನೆಯದನ್ನು ಗುರುತಿಟ್ಟುಕೊಳ್ಳುವುದು ಬೇಡ ಎಂದು ಮನೆಯಲ್ಲಿ ತೀರ್ಮಾನವಾಯಿತು.

ಈ ಸಾಲುಮನೆಗಳ ಇಟ್ಟಿಗೆಯ ಗುಟ್ಟು ನಮ್ಮ ಗುತ್ತಿಗೆದಾರರಿಗೆ ಹೇಳಿದರೆ ಕಣ್ಣಿನಲ್ಲಿ ನೀರು ತಂದುಕೊಂಡಾರು. ಬೀದಿಗೆ ಕಾಣುವ ಗೋಡೆಗೆ ಮಾತ್ರ ನಯವಾದ ಒಳ್ಳೆಯ ಇಟ್ಟಿಗೆ. ಹಿತ್ತಲ ಗೋಡೆಗೆ ಯಾವುದೋ ಅಗ್ಗದ್ದು. ಮೇಲೆ ಥಳುಕು, ಒಳಗೆ ಹುಳುಕು ಅನ್ನುವುದಕ್ಕೆ ಇಂಗ್ಲೆಂಡೂ ಹೊರತಲ್ಲ. ಆದರೆ ಮೂಲೆ ಮನೆಯವನಿಗೆ ಈ ಉಳಿತಾಯ ಇಲ್ಲ. ಅವನಿಗೆ ಎರಡು ಮುಖ, ಎರಡಕ್ಕೂ ಪೌಡರು ಹಚ್ಚಬೇಕು. ಹಾಗಾಗಿ ಬೀದಿಯ ಅಷ್ಟೂ ಮನೆಗಿಂತ ಅಂಗಡಿಮನೆಯೇ ಒಂದು ತೂಕ ಜಾಸ್ತಿ. ಕಿಟಕಿಯ ಕೆಳಗೆ ಮೊಣಕಾಲೆತ್ತರದ ಗಿಡ್ಡ ಗೋಡೆ, ಅದಕ್ಕೆ ಹೊಳೆಯುವ ಹಸಿರು ಇಟ್ಟಿಗೆ. ಮೇಲೆ ಹೆಸರಿನ ಹಲಗೆ ಕೂರುವ ಉದ್ದ ಪಟ್ಟಿ. ಪಟ್ಟಿಯ ಎರಡು ತುದಿಗೆ ಸುರುಳಿ ಸುತ್ತಿದ ಎರಡು ಬೋದಿಗೆ. ಅವು ಏನನ್ನೂ ಹೊತ್ತಿಲ್ಲ. ಇಲ್ಲಿಗೆ ಅಂಗಡಿ ಮುಗಿಯಿತು, ಇಲ್ಲಿಂದ ಮನೆ ಎಂದು ಹೇಳುವುದಷ್ಟೇ ಅವುಗಳ ಕೆಲಸ. ಹಲಗೆ ಎಂದೋ ಹೋಗಿದೆ, ಬೋದಿಗೆಗಳು ಹಾಗೇ ಇವೆ. ನಿವೃತ್ತಿಯಾದ ಮೇಲೂ ದಿನಾ ಆಫೀಸಿನ ಹೊತ್ತಿಗೆ ಪ್ಯಾಂಟು ಹಾಕಿಕೊಳ್ಳುವವರ ಹಾಗೆ. (ನಾನು ಯಾರ ಹೆಸರನ್ನೂ ಹೇಳುತ್ತಿಲ್ಲ.)

ಇನ್ನು ಗಾಜು. ಅಂಗಡಿಯ ಕಿಟಕಿ ಒಂದೊಂದೂ ನಮ್ಮ ಮನೆಯ ಇಡೀ ಗೋಡೆಯಷ್ಟಿದೆ. ರಾಣಿ ಪಟ್ಟಕ್ಕೆ ಬಂದ ಹೊಸತರಲ್ಲಿ ಇಷ್ಟು ಗಾಜು ಹಾಕಿದ್ದರೆ ಅಂಗಡಿಯವನು ದಿವಾಳಿ ಎದ್ದಿರುತ್ತಿದ್ದ. ಗಾಜಿನ ಮೇಲೆ ತೂಕದ ಲೆಕ್ಕದಲ್ಲಿ ಸುಂಕ ಇತ್ತು. ಅದು 1845ರಲ್ಲಿ ಹೋಯಿತು. ಇಟ್ಟಿಗೆಯ ತೆರಿಗೆ 1850ರಲ್ಲಿ. ಕಿಟಕಿ ಎಣಿಸಿ ಹಾಕುತ್ತಿದ್ದ ತೆರಿಗೆಯಂತೂ 1696ರಿಂದ ಜನರ ಬೆಳಕು ತಿಂದು 1851ರಲ್ಲಿ ಹೋಯಿತು. ಆ ತೆರಿಗೆಗೆ ಹೆದರಿ ಕಿಟಕಿಗೆ ಇಟ್ಟಿಗೆ ಮುಚ್ಚಿಕೊಂಡ ಹಳೆಯ ಮನೆಗಳು ಇಂಗ್ಲೆಂಡಿನಲ್ಲಿ ಇಂದಿಗೂ ಕುರುಡುಗಣ್ಣು ಬಿಟ್ಟುಕೊಂಡು ನಿಂತಿವೆ. ಆರು ವರ್ಷದಲ್ಲಿ ಮೂರು ತೆರಿಗೆ ಹೋದದ್ದು ನಾನು ಬೇರೆಲ್ಲೂ ಕೇಳಿಲ್ಲ. ಅಂಗಡಿಯವರು ಆ ಸಂತೋಷಕ್ಕೆ ಗೋಡೆಯನ್ನೇ ತೆಗೆದು ಗಾಜು ಹಾಕಿಕೊಂಡರು.

ಗೋಡೆ ತೆಗೆದ ಮೇಲೆ ಮೇಲಿನ ಮಹಡಿಯನ್ನು ಹೊರುವವರು ಯಾರು? ಎಂಜಿನಿಯರಿಗೆ ನಿದ್ದೆ ಬಾರದ ಪ್ರಶ್ನೆ ಇದು. ಗಾಜಿನ ನೆತ್ತಿಯ ಮೇಲೆ, ಹೆಸರಿನ ಹಲಗೆಯ ಹಿಂದೆ ಒಂದು ದಪ್ಪ ತೊಲೆ ಅಡಗಿದೆ. ಮೇಲ್ಗೋಡೆಯೆಲ್ಲ ಅದರ ಬೆನ್ನಿನ ಮೇಲೆ. ಮೂಲೆಯದು ಇನ್ನೂ ಸೊಗಸು. ಕೆಲವು ಕಡೆ ಕತ್ತರಿಸಿದ ಓರೆ ಮಾಡಿನವರೆಗೂ ಹೋಗುತ್ತದೆ. ನಮ್ಮ ಮನೆಯಲ್ಲಿ, ಅಂದರೆ ಮಗಳ ಮನೆಯಲ್ಲಿ, ಕತ್ತರಿಸಿದ್ದು ಕೆಳಗೆ ಮಾತ್ರ. ಮೇಲಿನ ಮಹಡಿ ಚೌಕವಾಗಿಯೇ ಮುಂದಕ್ಕೆ ಬಂದು, ಆ ಎಂಟು ಚದರಡಿಯನ್ನು ಗಾಳಿಯಲ್ಲಿ ವಾಪಸು ತೆಗೆದುಕೊಂಡಿದೆ. ಅದರ ತುದಿಗೆ ಆಸರೆಯಾಗಿ ಫುಟ್‌ಪಾತಿನ ಅಂಚಿನಲ್ಲಿ ಒಂದೇ ಒಂದು ಎರಕದ ಕಬ್ಬಿಣದ ಕಂಬ. ಕೈಯಲ್ಲಿ ತಬ್ಬಿದರೆ ಬೆರಳು ಕೂಡುತ್ತವೆ, ಅಷ್ಟು ತೆಳು. ತಲೆಯಲ್ಲಿ ಎಲೆಯ ಕೆತ್ತನೆ.

ಆ ಕಂಬ ನೋಡಿದಾಗ ಎಲ್ಲೋ ಕಂಡ ಮುಖ ಅನ್ನಿಸಿತು. ಯೋಚಿಸಿದರೆ ನಮ್ಮ ಮೈಸೂರು ಅರಮನೆಯ ಕಲ್ಯಾಣ ಮಂಟಪ! ವಾಸ್ತುಶಿಲ್ಪಿ ಹೆನ್ರಿ ಇರ್ವಿನ್ 1897ರಿಂದ ಕಟ್ಟಿಸಿದ ಅರಮನೆಯಲ್ಲಿ ಆ ಮಂಟಪದ ಎರಕದ ಕಂಬಗಳು ಗ್ಲಾಸ್ಗೋವಿನ ವಾಲ್ಟರ್ ಮ್ಯಾಕ್‌ಫರ್ಲೇನ್ ಕಂಪನಿಯವು. ಆ ಕಂಪನಿಯವರು ಕಂಬ, ಕಟಾಂಜನ, ಕಾರಂಜಿ ಎಲ್ಲವನ್ನೂ ಚಿತ್ರ ಹಾಕಿದ ಕ್ಯಾಟಲಾಗಿನಲ್ಲಿ ಅಚ್ಚು ಮಾಡಿಸಿ ಲೋಕದ ತುಂಬ ಕಳಿಸುತ್ತಿದ್ದರು. ಮಹಾರಾಜರಿಗೂ ಕ್ಯಾಟಲಾಗು, ಕಿರಾಣಿಯವನಿಗೂ ಕ್ಯಾಟಲಾಗು. ಅದು ಎರಕದ ಕಬ್ಬಿಣದ ಕಾಲ. ನಮ್ಮ ಮೂಲೆಯ ಬಡಕಲು ಕಂಬ ಯಾವ ಎರಕದ ಮನೆಯದೋ ಗುರುತಿಲ್ಲ. ಆದರೂ ಅರಮನೆಯ ಕಡೆಯ ದೂರದ ನೆಂಟ ಎಂದು ನಾನು ಮನಸ್ಸಿನಲ್ಲೇ ಬರೆದುಕೊಂಡೆ. ಆವತ್ತಿನಿಂದ ವಾಕಿಂಗ್ ಹೊರಡುವಾಗ ಅದನ್ನು ಒಮ್ಮೆ ತಟ್ಟಿ ಹೋಗುತ್ತೇನೆ.

ಮುಂದೆ ಅಂಗಡಿ, ಹಿಂದೆ ಮನೆ, ಮೇಲೆ ಮಲಗುವ ಕೋಣೆ, ಕೆಳಗೆ ನೆಲಮಾಳಿಗೆ. ಒಂದೇ ಕಟ್ಟಡದಲ್ಲಿ ಎರಡು ಸಂಸಾರ: ಒಂದು ಹೆಂಡತಿ ಮಕ್ಕಳದು, ಒಂದು ಅಕ್ಕಿ ಬೇಳೆಯದು, ಕ್ಷಮಿಸಿ, ಅವರಲ್ಲಿ ಚಹಾ ಸಕ್ಕರೆಯದು. ಎರಡನ್ನೂ ಬೇರೆ ಮಾಡುವುದು ಒಂದು ನಡುಬಾಗಿಲು. ಅದರ ಮೇಲಿನ ಅರ್ಧಕ್ಕೆ ಗಾಜು, ಗಾಜಿಗೆ ಒಳಗಿನಿಂದ ಲೇಸಿನ ಪರದೆ. ಊಟಕ್ಕೆ ಕೂತವರಿಗೆ ಅಂಗಡಿ ಕಾಣುತ್ತದೆ, ಅಂಗಡಿಗೆ ಬಂದವರಿಗೆ ಊಟ ಕಾಣುವುದಿಲ್ಲ. ಮೂಲೆ ಬಾಗಿಲಿನ ನೆತ್ತಿಯಲ್ಲಿ ಸ್ಪ್ರಿಂಗಿನ ಗಂಟೆ. ಅದು ಟಿಣ್ ಅಂದರೆ ಬಾಯಲ್ಲಿನ ತುತ್ತು ನುಂಗಿ ಏಳಬೇಕು. ಈ ಇಡೀ ವಾಸ್ತುಶಿಲ್ಪದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡ ಕಲ್ಪನೆ ಅನ್ನಿಸಿದ್ದು ಈ ನಡುಬಾಗಿಲು. ಅಂಗಡಿಯನ್ನು ಬಿಟ್ಟು ಮನೆಗೆ ಹೋಗುವ ಹಾಗಿಲ್ಲದವರಿಗಾಗಿ ಯೋಚಿಸಿ ಮಾಡಿದ್ದು.

ಹೀಗೆ ಗಂಟೆ ಕೇಳಿಸಿಕೊಂಡು ಬೆಳೆದವರಲ್ಲಿ ದೊಡ್ಡವರಾದವರೂ ಇದ್ದಾರೆ. ಲೆಸ್ಟರಿಗೆ ದೂರವಲ್ಲದ ಗ್ರಾಂಥಮ್ ಊರಿನಲ್ಲಿ ಮೂಲೆಯ ದಿನಸಿ ಅಂಗಡಿಯ ಮೇಲಿನ ಮನೆಯಲ್ಲಿ 1925ರಲ್ಲಿ ಒಂದು ಹೆಣ್ಣು ಮಗು ಹುಟ್ಟಿತು. ಮನೆಯಲ್ಲಿ ನಲ್ಲಿ ಬಿಸಿನೀರಿಲ್ಲ, ಕಕ್ಕಸು ಹೊರಗೆ. ಆ ಮಗು ಮಾರ್ಗರೆಟ್ ಥ್ಯಾಚರ್. ಮುಂದೆ ಪ್ರಧಾನಿಯಾಗಿ ಹನ್ನೊಂದು ವರ್ಷ ಅವರು ವಾಸವಿದ್ದದ್ದು ಡೌನಿಂಗ್ ಸ್ಟ್ರೀಟಿನ ಕಚೇರಿಯ ಮೇಲಿನ ಫ್ಲಾಟಿನಲ್ಲಿ. ಅಂಗಡಿಯ ಮೇಲೆ ಮನೆ ಮಾಡುವ ಅಭ್ಯಾಸ ಬಿಡಲಿಲ್ಲ. ಕಾದಂಬರಿಕಾರ ಎಚ್. ಜಿ. ವೆಲ್ಸ್ ಹುಟ್ಟಿದ್ದೂ 1866ರಲ್ಲಿ, ಬ್ರಾಮ್ಲಿಯ ಒಂದು ಅಂಗಡಿಮನೆಯಲ್ಲಿ. ನೆಲದಡಿಯ ಅಡುಗೆಮನೆ, ಬೆಳಕು ಬರುತ್ತಿದ್ದದ್ದು ಫುಟ್‌ಪಾತಿನ ಕಬ್ಬಿಣದ ಜಾಲರಿಯಿಂದ. ಹುಡುಗನಿಗೆ ಅಲ್ಲಿಂದ ಕಾಣುತ್ತಿದ್ದದ್ದು ಹೋಗಿಬರುವವರ ಬೂಟಿನ ಅಡಿಗಳು. ಬೂಟಿನಿಂದ ಸಮಾಜವನ್ನು ಓದುವ ಒಂದು ಪುಸ್ತಕವನ್ನೇ ಮುಂದೆ ಆತ ಬರೆದ. ಅವನ ಅಪ್ಪ ಅಂಗಡಿಯಲ್ಲಿ ಪಿಂಗಾಣಿ ಪಾತ್ರೆಯ ಜೊತೆಗೆ ಕ್ರಿಕೆಟ್ ಬ್ಯಾಟು ಮಾರುತ್ತಿದ್ದ. ವ್ಯಾಪಾರ ಅಷ್ಟಕ್ಕಷ್ಟೆ, ಆದರೆ ಬೌಲಿಂಗ್ ಜೋರು: 1862ರಲ್ಲಿ ಕೆಂಟ್ ಪರವಾಗಿ ಸಸೆಕ್ಸ್ ವಿರುದ್ಧ ಸತತ ನಾಲ್ಕು ಎಸೆತಕ್ಕೆ ನಾಲ್ಕು ವಿಕೆಟ್ ಕೆಡವಿದ. ಪ್ರಥಮ ದರ್ಜೆಯ ಆಟದಲ್ಲಿ ಅದನ್ನು ಮಾಡಿದವರಲ್ಲಿ ಅವನೇ ಮೊದಲಿಗ. ವೆಲ್ಸರ ಅಂಗಡಿ ಮೂಲೆಯದಲ್ಲ, ನಿಜ. ಕ್ರಿಕೆಟ್ಟಿನ ವಿಷಯ ಬಂದಾಗ ನಮ್ಮವರು ಇಷ್ಟು ಸಡಿಲ ಕೊಡುತ್ತಾರೆಂಬ ಧೈರ್ಯದಿಂದ ಹೇಳಿದೆ.

ಸಾಲ್ಫರ್ಡಿನ ಬಡ ಬೀದಿಯೊಂದರ ಮೂಲೆ ಅಂಗಡಿಯಲ್ಲಿ ಬೆಳೆದ ರಾಬರ್ಟ್ ರಾಬರ್ಟ್ಸ್ 1971ರಲ್ಲಿ ಅಲ್ಲಿಯ ಬಾಳಿನ ಕುರಿತು ಪುಸ್ತಕ ಬರೆದಿದ್ದಾರೆ. ಉದ್ರಿ ಕೇಳಲು ಗಂಡಸರು ಬರುತ್ತಿರಲಿಲ್ಲವಂತೆ, ಹೆಂಗಸರನ್ನೇ ಕಳಿಸುತ್ತಿದ್ದರು. ಗಲ್ಲಾದ ಆಚೆ ನಿಂತ ಅವರ ತಾಯಿ ಮನಸ್ಸಿನಲ್ಲೇ ತೂಗಬೇಕಾಗಿತ್ತು: ಎಷ್ಟು ಬಾಯಿ ಇವೆ, ಗಂಡನ ಆರೋಗ್ಯ ಹೇಗೆ, ಕುಡಿತ ಉಂಟೋ. ಬ್ಯಾಂಕಿನವರು ಇಂದು ಕಂಪ್ಯೂಟರಿನಿಂದ ಮಾಡುವುದನ್ನು ಆಕೆ ಒಂದು ನೋಟದಲ್ಲಿ ಮಾಡಿ ಮುಗಿಸುತ್ತಿದ್ದಳು. ತಕ್ಕಡಿಯಲ್ಲಿ ಸಕ್ಕರೆ ಒಂದೇ ತೂಗುತ್ತಿರಲಿಲ್ಲ.

ಮಗಳಿಗೆ ಮನೆ ಮಾರಿದವರು ಗುಜರಾತಿಗಳು, ಉಗಾಂಡದಿಂದ ಬಂದವರು. 1972ರ ಆಗಸ್ಟಿನಲ್ಲಿ ಅಲ್ಲಿ ಆಳುತ್ತಿದ್ದ ಇದಿ ಅಮೀನ್ ತೊಂಬತ್ತು ದಿನದ ಗಡುವು ಕೊಟ್ಟು ಏಷ್ಯನ್ನರನ್ನು ಹೊರಗಟ್ಟಿದಾಗ ಬ್ರಿಟನ್ನಿಗೆ ಬಂದವರು ಸುಮಾರು 28,000. ಲೆಸ್ಟರಿನ ನಗರಸಭೆ ಆಗ ಉಗಾಂಡದ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ನಮ್ಮೂರಲ್ಲಿ ಜಾಗ ಇಲ್ಲ, ದಯವಿಟ್ಟು ಬರಬೇಡಿ ಎಂದು ತಿಳಿಸಿತು. ಹೆಸರೇ ಕೇಳದಿದ್ದವರಿಗೂ ಲೆಸ್ಟರ್ ಎಂಬ ಊರೊಂದಿದೆ ಎಂದು ಗೊತ್ತಾದದ್ದು ಹಾಗೆ. ಬಂದೇ ಬಂದರು. ಸೂಪರ್ ಮಾರ್ಕೆಟ್ಟಿನ ಏಟಿಗೆ ಇಂಗ್ಲಿಷ್ ಅಂಗಡಿಯವರು ಕೈಬಿಡುತ್ತಿದ್ದ ಮೂಲೆಗಳನ್ನು ಹಿಡಿದು, ಬೆಳಗಿನಿಂದ ರಾತ್ರಿಯವರೆಗೆ ತೆರೆದಿಟ್ಟರು. ವಿಕ್ಟೋರಿಯನ್ ಮೇಸ್ತ್ರಿ ಮಾಡಿಟ್ಟ ನಡುಬಾಗಿಲು ಅವರಿಗೆ ಹೇಳಿ ಮಾಡಿಸಿದ ಹಾಗೆ ಒದಗಿತು: ಹಿಂದೆ ಒಗ್ಗರಣೆ, ಮುಂದೆ ಹಾಲು ಬ್ರೆಡ್ಡು. ಇದೇ ಊರಿನಲ್ಲಿ 1991ರಲ್ಲಿ ಹುಟ್ಟಿದ ಒಂದು ಸಂಗೀತ ತಂಡ ತನಗೆ ಕಾರ್ನರ್‌ಶಾಪ್ ಎಂದೇ ಹೆಸರಿಟ್ಟುಕೊಂಡು, ಮುಂದೆ ಆಶಾ ಭೋಸ್ಲೆಯವರ ಮೇಲೆ ಹಾಡು ಕಟ್ಟಿ ಬ್ರಿಟನ್ನನ್ನೆಲ್ಲ ಕುಣಿಸಿತು. ಅಂಗಡಿಯ ಹಿಂಬದಿಯ ರೇಡಿಯೋ ಎಲ್ಲಿಯವರೆಗೆ ಕೇಳಿಸಿತು ನೋಡಿ.

ಅಂಗಡಿ ಮನೆಯನ್ನು ಉಳಿಸಿದ ಉದಾಹರಣೆಯೂ ಇದೆ. ಬರ್ಮಿಂಗ್‌ಹ್ಯಾಮಿನಲ್ಲಿ ಬೆನ್ನಿಗೆ ಬೆನ್ನು ಹಚ್ಚಿ ಕಟ್ಟಿದ ಬಡವರ ಮನೆಗಳ ಒಂದು ವಠಾರವನ್ನು ನ್ಯಾಷನಲ್ ಟ್ರಸ್ಟ್ ಕಾಪಾಡಿ 2004ರಿಂದ ಜನರಿಗೆ ತೋರಿಸುತ್ತಿದೆ. ರಾಣಿಗಿಂತ ಆರು ವರ್ಷ ಮೊದಲೇ, 1831ಕ್ಕೆ ಮುಗಿದ ಕಟ್ಟಡ. ಊರಿನಲ್ಲಿ ಅಂಥ ಮನೆಗಳು ಸಾವಿರಾರು ಇದ್ದವು, ಹೆಚ್ಚುಕಡಿಮೆ ಎಲ್ಲ ನೆಲಸಮವಾದವು. 1966ರಲ್ಲಿ ವಾಸಕ್ಕೆ ಯೋಗ್ಯವಲ್ಲ ಎಂದು ಇಲ್ಲಿಯವರನ್ನೂ ಖಾಲಿ ಮಾಡಿಸಿದರು. ಆದರೆ ಬೀದಿಬದಿಯ ಅಂಗಡಿಗಳು ನಡೆದೇ ಇದ್ದವು. ಸೇಂಟ್ ಕಿಟ್ಸ್ ದ್ವೀಪದಿಂದ ಬಂದ ಜಾರ್ಜ್ ಸಾಂಡರ್ಸ್ ಎಂಬ ದರ್ಜಿ ಈ ಶತಮಾನದ ಆರಂಭದವರೆಗೂ ಅಲ್ಲಿ ಕೋಟು ಹೊಲಿಯುತ್ತಿದ್ದರು. ಮನುಷ್ಯರು ಇರಲು ನಾಲಾಯಕ್ಕು, ವ್ಯಾಪಾರಕ್ಕೆ ಅಡ್ಡಿಯಿಲ್ಲ: ಆ ಒಂದು ಷರಾದಿಂದ ವಠಾರ ಬದುಕಿಕೊಂಡಿತು. ಅದರ ಮೂಲೆಯಲ್ಲಿ ಈಗಲೂ ಪೆಪ್ಪರಮೆಂಟಿನ ಅಂಗಡಿ ಇದೆ. ನಾನು ನೂರು ಗ್ರಾಂ ತೆಗೆದುಕೊಂಡೆ, ಹಲ್ಲಿಗೆ ಅಂಟಿತು.

ಮತ್ತೆ ನಮ್ಮ ಮನೆಗೆ. ಮೂಲೆ ಕತ್ತರಿಸಿದ ಅಂಗಡಿಯೇ ಈಗ ನಡುಮನೆ. ಕತ್ತರಿಸಿದ ಕೋಣೆಗೆ ಐದು ಗೋಡೆ. ಲೋಕದ ಪೀಠೋಪಕರಣಗಳೆಲ್ಲ ನಾಲ್ಕು ಗೋಡೆಯನ್ನು ನಂಬಿ ಹುಟ್ಟಿದವು. ಅಳಿಯಂದಿರು ತಂದ ಕಪಾಟು ಆರು ತಿಂಗಳಿನಿಂದ ಕೋಣೆಯ ಸುತ್ತ ಪ್ರದಕ್ಷಿಣೆ ಹಾಕುತ್ತಿದೆ. ಒಂಬತ್ತಂಗುಲದ ಗಟ್ಟಿ ಗೋಡೆ, ನಡುವೆ ಗಾಳಿಯ ಸಂದಿಲ್ಲ. ಕೊಳ್ಳುವಾಗ ಪರೀಕ್ಷೆಗೆ ಬಂದಾತ ತೇವದ ಬಗ್ಗೆಯೇ ಒಂಬತ್ತು ಪುಟ ಬರೆದಿದ್ದ. ಕಿಟಕಿ ತೆಗೆದರೆ ಚೌಕಟ್ಟಿನೊಳಗೆ ಹಗ್ಗಕ್ಕೆ ಕಟ್ಟಿದ ಕಬ್ಬಿಣದ ತೂಕ ಟಕ್ ಟಕ್ ಎಂದು ಇಳಿಯುತ್ತದೆ. ಮೊದಲ ರಾತ್ರಿ ಇವಳು ಹನುಮಾನ್ ಚಾಲೀಸಾ ಹೇಳಿಕೊಂಡಳು. ನಾನು ಬೆಳಗಿನ ಕಾಫಿ ಹಿಡಿದು ಆ ದೊಡ್ಡ ಗಾಜಿನ ಹಿಂದೆ ಕೂತರೆ ಹಾದುಹೋಗುವವರು ನಿಂತು ನೋಡುತ್ತಾರೆ. ನೂರು ವರ್ಷದ ಅಭ್ಯಾಸ ಅವರದು. ಅಲ್ಲಿ ಏನೋ ಮಾರಾಟಕ್ಕಿರಬೇಕು. "ಬೆಲೆ ಚೀಟಿ ಒಂದು ಅಂಟಿಸಿಬಿಡಲೇ?" ಎಂದು ಇವಳು ಕೇಳಿದಳು. ಮಳೆ ಬಂದರೆ ಕಂಬದಡಿಯ ಎಂಟು ಚದರಡಿಯಲ್ಲಿ ನಾಲ್ಕು ಜನ ನಿಲ್ಲುತ್ತಾರೆ. ಅಂಗಡಿ ಮುಚ್ಚಿ ಎಷ್ಟೋ ವರ್ಷವಾದರೂ ಆ ಜಾಗ ಬೀದಿಯದೇ. ಒಮ್ಮೆ ಒಬ್ಬ ಹುಡುಗ ಚಿಪ್ಸ್ ತಿನ್ನುತ್ತ ನಿಂತವನು ಗಾಜಿನಾಚೆಯಿಂದ ನನಗೂ ಒಂದನ್ನು ತೋರಿಸಿ, ಬೇಕೇ ಎಂದು ಹುಬ್ಬು ಹಾರಿಸಿದ.

ಈಶಾನ್ಯದ ಸಮಸ್ಯೆ ಉಳಿದಿತ್ತಲ್ಲ. ಇವಳು ಮೈಸೂರಿಗೆ ಫೋನು ಹಚ್ಚಿ ನಮ್ಮ ಜೋಯಿಸರನ್ನು ವಿಚಾರಿಸಿದಳು. ಅವರು ಬಹಳ ಹೊತ್ತು ಯೋಚಿಸಿದರು. ಈಶಾನ್ಯಕ್ಕೆ ಬಾಗಿಲು ಶ್ರೇಷ್ಠ, ಈಶಾನ್ಯದ ಮೂಲೆ ಹೋದದ್ದು ಕನಿಷ್ಠ. ಎರಡೂ ಒಂದೇ ಕಡೆ ಆದರೆ ಶಾಸ್ತ್ರದಲ್ಲಿ ಏನಿದೆ ನೋಡಬೇಕು ಅಂದರು. ಆಮೇಲೆ, "ಹಿಂದೆ ಇದ್ದವರಿಗೆ ಹೇಗಿತ್ತಮ್ಮ?" ಎಂದು ಕೇಳಿದರು. ಮೂವತ್ತು ವರ್ಷ ಅಂಗಡಿ ನಡೆಸಿ, ಒಬ್ಬಳನ್ನು ಡಾಕ್ಟರು, ಒಬ್ಬನನ್ನು ಫಾರ್ಮಸಿಸ್ಟು ಮಾಡಿ, ಮನೆಯನ್ನು ಒಳ್ಳೆಯ ಬೆಲೆಗೆ ಮಾರಿ ಹೋದರು ಎಂದಳು. ಆ ಕಡೆ ಸ್ವಲ್ಪ ಮೌನ. "ಮೇಲಿನ ಮಹಡಿಯಲ್ಲಿ ಮೂಲೆ ಪೂರ್ತಿ ಇದೆ ಅಂದಿರಲ್ಲ? ಅಲ್ಲೇ ದೇವರಿಟ್ಟುಕೊಳ್ಳಿ."

ಹಾಗಾಗಿ ನಮ್ಮ ನಂಜನಗೂಡಿನ ನಂಜುಂಡೇಶ್ವರ ಈಗ ಲೆಸ್ಟರಿನ ಒಂದು ಫುಟ್‌ಪಾತಿನ ಮೇಲೆ, ಹನ್ನೊಂದಡಿ ಎತ್ತರದಲ್ಲಿ, ಅರಮನೆಯ ಕಡೆಯ ಆ ಬಡಕಲು ನೆಂಟನ ತಲೆಯ ಮೇಲೆ ಕೂತಿದ್ದಾನೆ. ಕೆಳಗೆ ಮಳೆಗೆ ನಿಂತವರಿಗೆ ಗೊತ್ತಿಲ್ಲ.

ಆ ಕಡೆ ಹೋದಾಗ ಕನ್ನಡದವರು ಯಾರಾದರೂ ಮನೆಗೆ ಬನ್ನಿ, ಕಾಫಿಗೆ ತೊಂದರೆಯಿಲ್ಲ. ಬಾಗಿಲು ಪಕ್ಕದ ಬೀದಿಯಲ್ಲಿದೆ, ನೀಲಿ ಬಣ್ಣದ್ದು. ಮೂಲೆಯ ಬಾಗಿಲನ್ನು ಮಾತ್ರ ತಟ್ಟಬೇಡಿ. ಐದನೆಯ ಗೋಡೆಗೆ ಹೊಂದಿದ್ದು ಸೋಫಾ ಒಂದೇ, ಅದನ್ನು ಅಲ್ಲಿ ಅಡ್ಡಕ್ಕಿಟ್ಟಿದ್ದೇವೆ.